ಹನ್ನೆರಡನೆಯ ನೊಣ

ಬೆಳಗ್ಗೆ ಹನ್ನೊಂದಕ್ಕೆ ಸಹಾಯಕಿ ಕೀಟ ಸಂಗ್ರಹಾಲಯದ ಕೋಣೆಯ ಬಾಗಿಲು ತಳ್ಳಿದಾಗ ನೊಣಗಳ ತಜ್ಞೆಯಾದ ಅವಳ ಚಿಕ್ಕಮ್ಮ ಸೂಕ್ಷ್ಮದರ್ಶಕದ ಪಕ್ಕ ಮೇಜಿಗೆ ತಲೆಯಾನಿಸಿದ್ದರು. ಉಸಿರಿರಲಿಲ್ಲ. ಕಾಫಿ ಲೋಟದ ತಳದಲ್ಲಿ ವಿಷ—ಹುಳ ಕೊಲ್ಲಲು ಇಟ್ಟುಕೊಂಡಿದ್ದ ಸೀಸೆಯದೇ.

ಆ ಸೀಸೆಗೆ ವಿಷ ತುಂಬಿದವಳು ಸಹಾಯಕಿ. ಕಾಫಿ ತಂದಿಟ್ಟವಳೂ ಅವಳೇ! ಮಧ್ಯಾಹ್ನದ ಹೊತ್ತಿಗೆ ಇಡೀ ಸಂಗ್ರಹಾಲಯ ಅವಳತ್ತ ಬೆರಳು ತೋರಿಸುತ್ತಿತ್ತು. ಸಾಕಿ ಸಲಹಿದ ಚಿಕ್ಕಮ್ಮನಿಗಾಗಿ ಅಳುವುದಕ್ಕೂ ಯಾರೂ ಬಿಡಲಿಲ್ಲ.

"ಕಾಫಿ ಕೊಟ್ಟು ಎಲ್ಲಿಗೆ ಹೋದೆ?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ಕೆಳಗೆ, ಹುಳಗಳ ಹೆಸರಿನ ಚೀಟಿ ಬರೆಯೋಕೆ."

"ನೋಡಿದವರು?"

"ಯಾರೂ ಇಲ್ಲ ಮೇಡಂ."

"ಚಿಕ್ಕಮ್ಮಂಗೆ ಯಾರ ಹತ್ರ ಜಗಳ?"

ಅವಳು ಬಾಗಿಲಲ್ಲಿ ನಿಂತಿದ್ದ ಜೀರುಂಡೆ ವಿಭಾಗದ ಮುಖ್ಯಸ್ಥರನ್ನು ನೋಡಿದಳು. "ಇವರು ಹೊಸ ಜೀರುಂಡೆ ಕಂಡುಹಿಡಿದೆ ಅಂತ ಹೆಸರು ಮಾಡಿದ್ರು. ಅದು ಜೀರುಂಡೆಯಲ್ಲ, ನೊಣ ಅಂದ್ರು ಚಿಕ್ಕಮ್ಮ. ಬಿಸಿಲು ದೇಶಗಳ ನೊಣ, ಹೆಚ್ಚು ಜನ ಕೇಳಿಯೇ ಇಲ್ಲ. ಎದೆಯ ಚಿಪ್ಪು ಊದಿ ಮೈಯೆಲ್ಲ ಮುಚ್ಚಿರುತ್ತೆ, ಥೇಟ್ ಜೀರುಂಡೆ! ಇವತ್ತು ಬೆಳಗ್ಗೆ ತಾನೆ ಅಂಥವು ಹನ್ನೆರಡು ಬಂದಿದ್ವು, ಇನ್ನೂ ಸೂಜಿ ಚುಚ್ಚಿರಲಿಲ್ಲ. ನಾಳೆ ಎಲ್ಲರಿಗೂ ತೋರಿಸೋರಿದ್ರು."

"ಅಭಿಪ್ರಾಯಭೇದ, ಅಷ್ಟೆ," ಎಂದರು ಮುಖ್ಯಸ್ಥರು. "ಎರಡು ತಿಂಗಳಿಂದ ನಾನು ಈ ರೂಮಿಗೆ ಕಾಲೇ ಇಟ್ಟಿಲ್ಲ."

ಇನ್‌ಸ್ಪೆಕ್ಟರಮ್ಮ ಮೇಜಿನ ಮೇಲೆ ಹುಳಗಳನ್ನು ಸೂಜಿಯಿಂದ ಚುಚ್ಚಿಟ್ಟಿದ್ದ ಬೆಂಡಿನ ಹಲಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಫೈಲೆತ್ತಿ ಗೋಡೆಯ ಮೇಲೊಂದು ಮನೆನೊಣವನ್ನು ಪಟ್ಟನೆ ಹೊಡೆದರು.

"ಇದಕ್ಕೆ ಸೂಜಿ ಹಾಕಮ್ಮ. ದಿನಾ ಹಾಕೋ ಹಾಗೆ."

ಅವಳು ಎದೆಗೆ ಚುಚ್ಚಿದಳು.

"ಯಾವಾಗ್ಲೂ ಎದೆಗೇನಾ?"

"ನೊಣಕ್ಕೆ ಎದೆಗೇ ಮೇಡಂ."

"ಜೀರುಂಡೆಗೆ?"

"ಬಲಬೆನ್ನಿನ ಚಿಪ್ಪಿಗೆ..." ಅವಳು ಹಲಗೆಯತ್ತ ಬಗ್ಗಿದಳು. ಹಲಗೆಯ ಕೊನೆಯ ನೊಣ ಕಣ್ಣಿಗೆ ಬಿದ್ದಿತ್ತು.

"ಎಲ್ಲರೂ ಲೋಟ ನೋಡಿದ್ರಿ, ಹಲಗೆ ನೋಡ್ಲಿಲ್ಲ," ಎಂದರು ಇನ್‌ಸ್ಪೆಕ್ಟರಮ್ಮ. "ಹನ್ನೊಂದಕ್ಕೆ ಎದೆಯಲ್ಲಿ ಸೂಜಿ. ಹನ್ನೆರಡನೇದಕ್ಕೆ ಬಲಬೆನ್ನಲ್ಲಿ. ಬಂದಿದ್ದು ಇವತ್ತು, ಚುಚ್ಚಿದ್ದೂ ಇವತ್ತು. ರಾಜಿ ಮಾತಾಡೋಕೆ ಬಂದ್ರಿ, ಸರ್. ಆಕೆ ಅತ್ತ ತಿರುಗಿದಾಗ ಲೋಟಕ್ಕೆ ಹಾಕಿದ್ರಿ. ಆಕೆ ಕುಡಿಯೋದನ್ನ ಕಾಯ್ತಾ ಕೂತಾಗ ಕೈ ಸುಮ್ಮನಿರದೆ ಉಳಿದಿದ್ದ ಒಂದಕ್ಕೆ ಸೂಜಿ ಚುಚ್ಚಿತು. ಹುಟ್ಟುಗುಣ ಸುಟ್ರೂ ಹೋಗಲ್ಲ, ನೋಡಿ."

"ಮತ್ತೆಲ್ಲಿ ಚುಚ್ಚಬೇಕಿತ್ತು?" ಮುಖ್ಯಸ್ಥರು ಕಿರುಚಿದರು. "ಅದು ಜೀರುಂಡೆ!"

ಹೇಳಿಯಾದ ಮೇಲೆ ಬಾಯಿ ಮುಚ್ಚಿಕೊಂಡರು. ತಡವಾಗಿತ್ತು.

ಸಹಾಯಕಿ ಚಿಮಟದಿಂದ ಆ ಹುಳದ ಚಿಪ್ಪಿನಡಿಯ ರೆಕ್ಕೆಗಳನ್ನು ಮೆಲ್ಲಗೆ ಹೊರಗೆಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. "ಜೀರುಂಡೆಗೆ ಚಿಪ್ಪಾಗಿರೋ ಎರಡೂ ಸೇರಿ ನಾಲ್ಕು ರೆಕ್ಕೆ ಇರ್ಬೇಕು ಸರ್; ಇದರ ಚಿಪ್ಪು ಒಂದೇ ತುಂಡು, ರೆಕ್ಕೆಯಲ್ಲ. ಎಣಿಸಿ."

ಅವರು ಬಗ್ಗಲಿಲ್ಲ. ಕೈಗೆ ಕೋಳ ಬಿದ್ದಾಗಲೂ ಮುಖ ಅತ್ತಲೇ ತಿರುಗಿತ್ತು.

ಅವರನ್ನು ಕರೆದೊಯ್ದ ಮೇಲೆ ಅವಳೇ ಬಗ್ಗಿ ನೋಡಿದಳು. ಎರಡೇ ರೆಕ್ಕೆ. ನೊಣವೇ. ಚಿಕ್ಕಮ್ಮನ ಕುರ್ಚಿಯಲ್ಲಿ ಕೂತು, ಬೆಳಗ್ಗೆಯಿಂದ ತಡೆದಿದ್ದ ಅಳುವನ್ನೆಲ್ಲ ಬಿಕ್ಕಿ ಬಿಕ್ಕಿ ಅತ್ತಳು.