ಸೋಮವಾರದ ಫೋನು

ಜುಲೈ 12, ಶನಿವಾರ ಬೆಳಿಗ್ಗೆ ಹತ್ತೂವರೆಗೆ ನವಲಗುಂದ ಪೊಲೀಸ್ ಠಾಣೆಗೆ ಇಬ್ಬರು ಹೆಂಗಸರು ಬಂದರು. ಒಬ್ಬಳು ನಾಗರತ್ನಾ. ಎಚ್‌ಐವಿ ಇದ್ದವರಿಗೆ ಸರ್ಕಾರ ಪುಕ್ಕಟೆ ಗುಳಿಗೆ ಕೊಡುವ ಹುಬ್ಬಳ್ಳಿಯ ಕೇಂದ್ರದಲ್ಲಿ ಆಪ್ತ ಸಮಾಲೋಚಕಿ. ಇನ್ನೊಬ್ಬಳು ಮೈಲಾರವ್ವ, ಎರಡು ದಿನದ ಹಿಂದಷ್ಟೇ ಗಂಡನನ್ನು ಮಣ್ಣು ಮಾಡಿದವಳು. ಆಕೆಯ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ರೋಗ ಇದ್ದವರ ಗುರುತು ಬಿಟ್ಟುಕೊಡಬಾರದೆಂದು ಕಾಯ್ದೆಯೇ ಹೇಳುತ್ತದೆ, ಹೀಗಾಗಿ ಇಲ್ಲಿರುವ ಅಂಥವರ ಹೆಸರು, ಊರುಗಳೂ ಬದಲಾಗಿವೆ. ಕಾಯ್ದೆ ಇಲ್ಲದಿದ್ದರೂ ಬರೆಯುತ್ತಿರಲಿಲ್ಲ, ಯಾಕೆಂದರೆ ಆ ದಿನ ಆಕೆ ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಬಾಗಿಲ ಕಡೆಗೇ ಕಣ್ಣಿಟ್ಟು ಕುಳಿತಿದ್ದಳು.

ಕಾನ್‌ಸ್ಟೆಬಲ್ ಸಿದ್ಧಾರೂಢ ಚಹಾ ತಂದ. ಇನ್‌ಸ್ಪೆಕ್ಟರ್ ಸಂಗನಬಸವನಿಗೆ ಗಾಜಿನ ಗ್ಲಾಸು, ಮೈಲಾರವ್ವನಿಗೆ ಕಾಗದದ ಕಪ್ಪು. ಠಾಣೆಯ ಚಹಾ ಯಾವ ಕಪ್ಪಿನಲ್ಲಿ ಕುಡಿದರೂ ಬಿಸಿನೀರೇ, ಅದು ಬೇರೆ ಮಾತು. ಸಂಗನಬಸವ ತನ್ನ ಗ್ಲಾಸನ್ನು ಆಕೆಯ ಮುಂದೆ ಸರಿಸಿ ಕಾಗದದ ಕಪ್ಪನ್ನು ತಾನು ಎತ್ತಿಕೊಂಡ. ಸಿದ್ಧಾರೂಢ ತಲೆ ತಗ್ಗಿಸಿ ಹೊರಗೆ ಹೋದ.

"ಏನಾತು ಹೇಳ್ರಿ ಅಕ್ಕಾರ."

"ನನ್ನ ಹೆಸರು ಜೋರಾಗಿ ಓದೂದಿಲ್ಲಂದ್ರ ಹೇಳ್ತೀನ್ರಿ."

"ಓದೂದಿಲ್ಲ."

ಆಕೆ ಹೇಳಿದ್ದು ಇಷ್ಟು. ಗಂಡ ತಿರಕಪ್ಪನಿಗೂ ಆಕೆಗೂ ಹತ್ತು ವರ್ಷದಿಂದ ಎಚ್‌ಐವಿ ಇತ್ತು. ದಿನಾ ಒಂದು ಗುಳಿಗೆ ನುಂಗಿಕೊಂಡು ಇಬ್ಬರೂ ಗಟ್ಟಿಯಾಗಿದ್ದರು. ಹೋದ ದೀಪಾವಳಿ ಹೊತ್ತಿಗೆ ತಿರಕಪ್ಪ ಗುಳಿಗೆ ಬಿಟ್ಟ. ಹೆಂಡತಿಗೆ ಸುಳಿವು ಕೊಡಲಿಲ್ಲ. ಮೊನ್ನೆ ಮಿದುಳಿಗೆ ಕ್ಷಯ ಏರಿ ಆಸ್ಪತ್ರೆಯಲ್ಲಿ ಸಾಯುವ ಹಿಂದಿನ ದಿನ ಬಾಯಿ ಬಿಟ್ಟ. ಎಚ್‌ಐವಿಗೆ ಹೊಸ ಲಸಿಕೆ ಬಂದಿದೆ, ಅದರ ಪ್ರಯೋಗದಲ್ಲಿ ತಾನು ಸೇರಿದ್ದೇನೆ, ಎರಡು ತಿಂಗಳಿಗೊಂದು ಸೂಜಿ, ಇನ್ನು ಗುಳಿಗೆಯ ಹಂಗಿಲ್ಲ.

"ಸೂಜಿ ಮಾಡಿದವ ಯಾರು? ಎಲ್ಲಿ?"

"ಗೊತ್ತಿಲ್ರಿ. ಸೋಮವಾರಕ್ಕೊಮ್ಮೆ ಫೋನ್ ಬರ್ತಿತ್ತು. ಇವರು ಹಿತ್ತಲಕ್ಕ ಹೋಗಿ ಮಾತಾಡ್ತಿದ್ರು. ಆಮ್ಯಾಲೆ ನಂಬರ್ ಅಳಿಸಿ ಬಿಡ್ತಿದ್ರು, ಹಂಗ ಅಳಸ್ರಿ ಅಂತ ಆ ಮನಷ್ಯಾನ ಹೇಳಿದ್ನಂತ."

"ಮತ್ತೇನಂದ್ರು?"

ಮೈಲಾರವ್ವ ನಾಗರತ್ನಾಳ ಮುಖ ನೋಡಿದಳು. "ಸೂಜಿ ಮಾಡಿದಲ್ಲಿ ಅವರ ಬಾಜೂಕ ಒಬ್ಬಾಕಿ ಹುಡುಗಿ ಕುಂತಿದ್ಲಂತ್ರಿ. ಬಸುರಿ. ಆಕೀಗೂ ಗುಳಿಗಿ ಬಿಡಿಸ್ಯಾನಂತ."

ಸಂಗನಬಸವ ಬರೆಯುವುದನ್ನು ನಿಲ್ಲಿಸಿದ. ನಾಗರತ್ನಾ ಬಿಡಿಸಿ ಹೇಳಿದಳು. ತಾಯಿ ತಪ್ಪದೆ ಗುಳಿಗೆ ನುಂಗಿದರೆ ಕೂಸಿಗೆ ರೋಗ ತಗಲುವುದು ತೀರ ಅಪರೂಪ. ಬಿಟ್ಟಿದ್ದರೆ ಹಾಗಲ್ಲ. ಎಚ್‌ಐವಿಗೆ ಲಸಿಕೆ ಇನ್ನೂ ಬಂದಿಲ್ಲ. ಪ್ರಯೋಗಗಳು ಬೇರೆ ಬೇರೆ ಕಡೆ ನಡೆದಿವೆ, ನಡೆಯುತ್ತಲೂ ಇವೆ. ಆದರೆ ಅವಕ್ಕೆ ಸಮಿತಿಯ ಒಪ್ಪಿಗೆ ಬೇಕು, ವೈದ್ಯರು ಬೇಕು, ಮತ್ತೆ ಮತ್ತೆ ರಕ್ತ ಪರೀಕ್ಷೆ ಆಗಬೇಕು.

"ಬಸುರಿ ಯಾರು ಅಂತ ನಿಮಗ ಗೊತ್ತಾಗೂದಿಲ್ಲೇನು?"

"ಬಸುರಿ ಅಂತ ಬರಸಿದವರೆಲ್ಲ ಗುಳಿಗಿ ಒಯ್ಯಾಕ ಹತ್ತ್ಯಾರ್ರಿ ಸರ. ಈಕಿ ಬಸುರಿ ಆಗೂ ಮೊದಲ ಬಿಟ್ಟಿರಬೇಕು. ಬಿಟ್ಟವರಿಗೆ ಫೋನ್ ಹಚ್ಚಿದ್ರ ಬಂದ್, ಹುಡಿಕ್ಕೊಂಡು ಹೋದ್ರ ಆ ಊರಾಗ ಅಂಥವರ ಇಲ್ಲ. ಅಂಜಿದವರು ಖರೇ ಪತ್ತಾ ಕೊಡೂದಿಲ್ರಿ."

ಮಧ್ಯಾಹ್ನ 12.40ಕ್ಕೆ ಎಫ್‌ಐಆರ್ ಆಯಿತು. ವಂಚನೆ, ಸಾವಿಗೆ ಕಾರಣವಾದದ್ದು, ಪರವಾನಗಿ ಇಲ್ಲದೆ ಚಿಕಿತ್ಸೆ. ಫಿರ್ಯಾದಿಯ ಹೆಸರಿನ ಜಾಗದಲ್ಲಿ ಬೇರೊಂದು ಹೆಸರು ಬಂತು. ತಿರಕಪ್ಪನ ಮೊಬೈಲಿಗೆ ಬಂದ ಕರೆಗಳ ವಿವರ ಕೇಳಿ ಧಾರವಾಡಕ್ಕೆ ಪತ್ರ ಹೋಯಿತು. ಉತ್ತರಕ್ಕೆ ಎರಡು ಮೂರು ದಿನ ಬೇಕು. ಸಂಗನಬಸವ ಹದಿನೆಂಟು ವರ್ಷದ ನೌಕರಿಯಲ್ಲಿ ಕೊಲೆಗಾರರ ಬೆನ್ನು ಹತ್ತಿ ಓಡಿದ್ದ. ಆದರೆ ಎಲ್ಲೋ ಒಂದು ಮನೆಯಲ್ಲಿ, ಏನೂ ಅರಿಯದೆ ದಿನ ತುಂಬುತ್ತಿರುವ ಹುಡುಗಿಯನ್ನು ಹುಡುಕುವ ಕೆಲಸ ಬಂದದ್ದು ಇದೇ ಮೊದಲು. ಜೀಪು ಆಕೆಯ ಬಾಗಿಲಿಗೆ ನಿಂತರೆ ಓಣಿಗೆಲ್ಲ ಗೊತ್ತಾಗುತ್ತದೆ, ನಿಲ್ಲದಿದ್ದರೆ ಕೂಸಿಗೆ ರೋಗ ತಗಲುತ್ತದೆ.

ಸೋಮವಾರ ಮೈಲಾರವ್ವನನ್ನು ಠಾಣೆಯಲ್ಲಿ ಕೂರಿಸಲಿಲ್ಲ. ಅಲ್ಲಿ ವೈರ್‌ಲೆಸ್ಸಿನ ಗದ್ದಲ. ಹೆಡ್ ಕಾನ್‌ಸ್ಟೆಬಲ್ ರಜಿಯಾಬಿಯ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ತಿರಕಪ್ಪನ ಮೊಬೈಲನ್ನು ಮುಂದಿಟ್ಟುಕೊಂಡು, ನಾಗರತ್ನಾಳೂ ಸೇರಿ ನಾಲ್ವರು ಕುಳಿತರು. ತಿರಕಪ್ಪ ಸತ್ತದ್ದು ಫೋನು ಮಾಡುವವನಿಗೆ ಗೊತ್ತಾಗಿದ್ದರೆ ಅದು ಬರುವುದೇ ಇಲ್ಲ. ರಜಿಯಾಬಿ ಏನೇನೋ ಮಾತಾಡಿ ನಗಿಸಲು ನೋಡಿದಳು, ಯಾರೂ ನಗಲಿಲ್ಲ. ಕುಕ್ಕರ್ ಸೀಟಿ ಹೊಡೆದಾಗ ಮೈಲಾರವ್ವ ಬೆಚ್ಚಿ ಎದ್ದು ನಿಂತಳು.

ನಾಲ್ಕು ದಾಟಿದ ಮೇಲೆ ಫೋನು ಬಂತು. ಸಂಗನಬಸವ ಕೈ ಸನ್ನೆ ಮಾಡಿದ. ಆಕೆ ಎತ್ತಿದಳು.

"ತಿರಕಪ್ಪನವರು ಅದಾರೇನ್ರಿ?" ಗಂಡು ಧ್ವನಿ, ಮೆತ್ತಗಿತ್ತು.

"ಮಲಗ್ಯಾರ್ರಿ. ನಾ ಅವರ ಮನಿಯಾಕಿ."

"ಹೋದ ವಾರ ಫೋನ್ ಬಂದ್ ಇತ್ತು, ನನಗ ಅಗದಿ ಕಾಳಜಿ ಆಗಿತ್ತ್ರಿ. ಜ್ವರ ಏನರ ಬಂದಾವೇನು?"

ಮೈಲಾರವ್ವ ಗೋಡೆ ನೋಡಿದಳು. "ಸ್ವಲ್ಪ ಅದಾವ್ರಿ."

"ಅಂಜಬ್ಯಾಡ್ರಿ. ಲಸಿಕಿ ಕೆಲಸ ಮಾಡಾಕ ಹತ್ತೈತಿ ಅಂದಂಗ. ನೀರು ಛಲೋತಂಗ ಕುಡಿಸ್ರಿ."

ಸತ್ತವನಿಗೆ ನೀರು ಕುಡಿಸು ಎನ್ನುತ್ತಿದ್ದ. ರಜಿಯಾಬಿ ಆಕೆಯ ಬೆನ್ನ ಮೇಲೆ ಕೈ ಇಟ್ಟಳು.

"ನೀನೂ ಮಾಡಿಸ್ಕೊ ಅಂತ ಅವರು ಹೇಳ್ಯಾರ್ರಿ," ಎಂದಳು ಮೈಲಾರವ್ವ, ಕಲಿಸಿದಂತೆ. "ನಾನೂ ಬರ್ಲೇನ್ರಿ?"

ಅವನು ಧ್ವನಿ ಇನ್ನೂ ತಗ್ಗಿಸಿದ. "ಗುರುವಾರ ಕಲಘಟಗಿಗೆ ಬರ್ರಿ. ತೊಟ್ಟಿಲಾ ಮಾಡೂ ಓಣಿ, ಕಡೀ ಅಂಗಡಿ ಹಿಂದಿನ ಖೋಲಿ. ಉಳಿದ ಗುಳಿಗಿ ಎಲ್ಲಾ ತರ್ರಿ. ಡಬ್ಬಿ ಬ್ಯಾಡ, ಗಡಗಡ ಅಂತೈತಿ. ಎಲಿ ಅಡಕಿ ಸಂಚ್ಯಾಗ ಹತ್ತಿ ಹಾಕಿ ತರ್ರಿ."

ಫೋನು ಇಟ್ಟ ಮೇಲೆ ಸಂಗನಬಸವ ಕೇಳಿದ, "ಸಂಚಿ, ಹತ್ತಿ, ಏನದು?"

ಮೈಲಾರವ್ವ ಹೇಳಿದಳು. ಕೇಂದ್ರದಿಂದ ಗುಳಿಗೆ ಒಯ್ದವರು ಹುಬ್ಬಳ್ಳಿಯ ಬಸ್ ನಿಲ್ದಾಣದ ಮೂಲೆಯ ಬೆಂಚಿನಲ್ಲಿ ಕುಳಿತು ಡಬ್ಬಿಯ ಗುಳಿಗೆಯನ್ನೆಲ್ಲ ಸಂಚಿಗೆ ಸುರುವಿಕೊಳ್ಳುತ್ತಾರೆ. ಸದ್ದಾಗಬಾರದೆಂದು ನಡುವೆ ಹತ್ತಿ ತುರುಕುತ್ತಾರೆ. ಡಬ್ಬಿ ಅಲ್ಲೇ ಕಸದ ಬುಟ್ಟಿಗೆ. ಬಸ್ಸಿನಲ್ಲಿ ಅಲುಗಾಡಿ ಸದ್ದಾಗಿ, ಬಾಜೂಕಿನವರು ಏನದು ಎಂದು ಕೇಳಿದರೆ ಹೇಳಲು ಉತ್ತರವಿಲ್ಲ.

"ಅಲ್ಲೇ ಅವಂಗ ಇವರು ಸಿಕ್ಕಿರಬೇಕ್ರಿ. ಹತ್ತಿ ತುರಕೂದು ಡಾಕ್ಟರಿಗೂ ಗೊತ್ತಿಲ್ಲ. ಅದನ್ನ ತಿಳಿದವ ನಮಗ ಮೋಸ ಮಾಡಾಂವ ಅಲ್ಲ ಅಂತ ನಂಬ್ಯಾರ." ಮೊಬೈಲನ್ನು ದೂರ ಸರಿಸಿ ಮತ್ತೆ ಅಂದಳು, "ಧ್ವನಿ ಛಲೋ ಐತ್ರಿ ಅವನದು. ನಮ್ಮ ಕೂಡ ಯಾರೂ ಹಂಗ ಮಾತಾಡೂದಿಲ್ಲ."

ಫೋನು ಬಂದ ನಂಬರು ಸತ್ತ ಮುದುಕಿಯೊಬ್ಬಳ ಹೆಸರಿನಲ್ಲಿತ್ತು, ಕರೆ ಮುಗಿದೊಡನೆ ಬಂದ್ ಆಗಿತ್ತು. ಗುರುವಾರದವರೆಗೆ ಕಾಯದೆ ಗತಿ ಇರಲಿಲ್ಲ.

ಜುಲೈ 17, ಗುರುವಾರ. ಕಲಘಟಗಿಯ ತೊಟ್ಟಿಲ ಓಣಿಗೆ ಎಲ್ಲ ಊರಿನವರೂ ಬರುತ್ತಾರೆ. ಬಸುರಿ ಬಂದರಂತೂ ತೊಟ್ಟಿಲು ನೋಡಲು ಬಂದಳು ಎಂದು ಜನ ಸುಮ್ಮನಾಗುತ್ತಾರೆ. ಜಾಗ ಆರಿಸಿದವನ ಬುದ್ಧಿಯನ್ನು ಸಂಗನಬಸವ ಒಳಗೊಳಗೇ ಒಪ್ಪಿಕೊಂಡ. ಸ್ಥಳೀಯ ಠಾಣೆಗೆ ತಿಳಿಸಿ, ಸಾದಾ ಬಟ್ಟೆಯಲ್ಲಿ ಎದುರಿನ ಅಂಗಡಿಯಲ್ಲಿ ನಿಂತು ತೊಟ್ಟಿಲಿನ ಬೆಲೆ ಕೇಳುತ್ತಿದ್ದ. ಅವನ ಮಗಳು ಆಗಲೇ ಕಾಲೇಜಿಗೆ ಹೋಗುತ್ತಿದ್ದಳು.

ಹನ್ನೊಂದು ಗಂಟೆಗೆ ಮೈಲಾರವ್ವ ಒಳಗೆ ಹೋದಳು. ತಂಗಿಯ ವೇಷದಲ್ಲಿ ರಜಿಯಾಬಿ ಜೊತೆಗಿದ್ದಳು. ಸುಣ್ಣ ಬಳಿದ ಕೋಣೆ, ಒರೆಸಿಟ್ಟ ಕುರ್ಚಿಗಳು, ತಟ್ಟೆಯಲ್ಲಿ ಬಿಸಿ ಉಪ್ಪಿಟ್ಟು, ಎಲ್ಲರಿಗೂ ಒಂದೇ ನಮೂನೆಯ ಸ್ಟೀಲಿನ ಲೋಟ. ಆಗಲೇ ಬಂದಿದ್ದ ಇಬ್ಬರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದರು. ಬಿಳಿ ಅಂಗಿಯ ನಲವತ್ತರ ಗಂಡಸು ಎದ್ದು ಬಂದು ಮೈಲಾರವ್ವನಿಗೆ ಕುರ್ಚಿ ಎಳೆದುಕೊಟ್ಟ.

"ದೂರದಿಂದ ಬಂದೀರಿ. ಮೊದಲ ಉಪ್ಪಿಟ್ಟು ತಿನ್ರಿ. ನಿಮಗ ಮನಸ್ಸಿಲ್ಲಂದ್ರ ಯಾವಾಗ ಬೇಕಾದ್ರೂ ಪ್ರಯೋಗ ಬಿಡಬಹುದು, ಯಾರೂ ಏನೂ ಅನ್ನೂದಿಲ್ಲ. ತಿಳೀತ್ರೇನು?"

ಮೈಲಾರವ್ವ ತಟ್ಟೆ ಮುಟ್ಟಲಿಲ್ಲ. ಅವನು ಸೂಜಿ ಕೈಗೆತ್ತಿಕೊಂಡಾಗ ರಜಿಯಾಬಿ ಕೆಮ್ಮಿದಳು, ಸಂಗನಬಸವ ಬಾಗಿಲು ತಳ್ಳಿ ಬಂದ.

"ಪೊಲೀಸ್. ಸೂಜಿ ಕೆಳಗ ಇಡು."

ಅವನು ಓಡಲಿಲ್ಲ. ಓಡಲು ನೋಡಿದವರು ಮುಖ ಮುಚ್ಚಿಕೊಂಡಿದ್ದ ಆ ಇಬ್ಬರು. ಬಾಗಿಲಲ್ಲಿ ಪೊಲೀಸರನ್ನು ಕಂಡು ಗೋಡೆಗೆ ಮುಖ ಒತ್ತಿ ನಿಂತರು. ಒಬ್ಬ "ಸಾಹೇಬರ, ಕೈ ಮುಗೀತೀನಿ, ಹೆಸರು ಕೇಳಬ್ಯಾಡ್ರಿ" ಎಂದು ಗೋಡೆಗೇ ಹೇಳುತ್ತಿದ್ದ. ಪಂಚನಾಮೆಗೆ ಊರಿನ ಇಬ್ಬರು ಪಂಚರು ಬೇಕು. ಆದರೆ ಊರಿನವರು ಕಾಲಿಟ್ಟರೆ ಇವರ ಬದುಕು ಅಲ್ಲಿಗೇ ಮುಗಿಯಿತು. ಸಂಗನಬಸವ ಅವರನ್ನು, ಹೊರಗೆ ಕಾದಿದ್ದ ನಾಗರತ್ನಾಳ ಜೊತೆ ಹಿಂಬಾಗಿಲಿನಿಂದ ಕಳಿಸಿ, ಆಮೇಲೆ ಪಂಚರನ್ನು ಕರೆಸಿದ. ವಶವಾದದ್ದು ಸೂಜಿಗಳು, ಔಷಧಿ ಅಂಗಡಿಯಲ್ಲಿ ಸಿಗುವ ವಿಟಮಿನ್ ಬಾಟಲಿಗಳು, ಒಂದು ಮೊಬೈಲು, ಜೋಳದ ಚೀಲದ ತುಂಬ ಗುಳಿಗೆ. ಅಷ್ಟು ಜನ ಅಷ್ಟು ದಿನ ನುಂಗದೆ ಬಿಟ್ಟ ಗುಳಿಗೆ. ಅವನ ಹೆಸರು ಮಡಿವಾಳೆಪ್ಪ, ಅದೇ ತಾಲೂಕಿನವನು. ಅಂಗಿಯ ಕಿಸೆಯಲ್ಲಿ ಅವನದೇ ಒಂದು ಸಂಚಿ ಇತ್ತು. ಅದರಲ್ಲಿಯೂ ಅದೇ ಗುಳಿಗೆ, ನಡುವೆ ಹತ್ತಿ.

"ನಿನಗೂ ಐತಿ?"

"ಐತ್ರಿ."

"ನೀ ದಿನಾ ನುಂಗ್ತಿ, ಅವರಿಗೆ ಬಿಡಿಸ್ತಿ?"

ಮಡಿವಾಳೆಪ್ಪ ಉಪ್ಪಿಟ್ಟಿನ ತಟ್ಟೆಯನ್ನು ಬದಿಗೆ ಸರಿಸಿದ.

"ಬಸುರಿ ಹುಡುಗಿ ಯಾರು? ಎಲ್ಲದಾಳ?"

"ಹೆಸರು ಹೇಳಾಕ ಬರೂದಿಲ್ರಿ. ಪ್ರಯೋಗಕ್ಕ ಬಂದವರ ಹೆಸರು ಗುಪ್ತ ಇಡಬೇಕು."

ಅಣಕವಲ್ಲ, ಮನಸಾರೆ ಹೇಳುತ್ತಿದ್ದ. ಸಂಗನಬಸವನಿಗೆ ಮೈ ಉರಿಯಿತು, ಜೊತೆಗೆ ಹೆದರಿಕೆಯೂ ಆಯಿತು. ಹೊಡೆದರೂ ಇವನು ಬಾಯಿ ಬಿಡುವವನಲ್ಲ. ಆಗ ಮೈಲಾರವ್ವ ಮುಂದೆ ಬಂದಳು.

"ತಿರಕಪ್ಪನವರು ಸತ್ತಾರ," ಎಂದಳು. "ಸೋಮವಾರ ನೀ ನೀರು ಕುಡಸ್ರಿ ಅಂದ್ಯಲ್ಲ, ಆಗ ಅವರನ್ನ ಮಣ್ಣ ಮಾಡಿ ನಾಕ ದಿನ ಆಗಿತ್ತು."

ಮಡಿವಾಳೆಪ್ಪ ಕುರ್ಚಿ ಹುಡುಕಿ ಕುಳಿತುಕೊಂಡ. ಕುಳಿತಲ್ಲೇ ಹೇಳಿದ. "ದುಮ್ಮವಾಡ. ಭಾಗ್ಯಾ ಅಂತ. ಬಾಣಂತನಕ್ಕ ತವರಿಗೆ ಬಂದಾಳ. ಎಂಟು ತುಂಬ್ಯಾವು." ಅವನ ಮೊಬೈಲಿನಲ್ಲಿದ್ದ ಉಳಿದ ನಂಬರುಗಳಿಗೆ ಫೋನು ಮಾಡುವ ಕೆಲಸವನ್ನು ಅಂದೇ ಕೋರ್ಟಿನ ಅನುಮತಿಯಿಂದ ನಾಗರತ್ನಾಳ ಕೇಂದ್ರಕ್ಕೆ ಒಪ್ಪಿಸಲಾಯಿತು.

ದುಮ್ಮವಾಡಕ್ಕೆ ಜೀಪು ಹೋಗಲಿಲ್ಲ. ನಾಗರತ್ನಾ, ಮೈಲಾರವ್ವ, ರಜಿಯಾಬಿ ಮೂವರೂ ಟಂಟಂ ಆಟೋದಲ್ಲಿ ಹೋಗಿ, ಗಂಡನ ಮನೆಯ ಕಡೆಯವರು ಎಂದು ಹೇಳಿಕೊಂಡರು. ಭಾಗ್ಯಾಳ ಕೈತುಂಬ, ಸೀಮಂತದ ಕುಬಸದಲ್ಲಿ ತೊಡಿಸಿದ ಹಸಿರು ಬಳೆ. ಆಕೆಯ ರೋಗ ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವ್ವ ಚಹಾಕ್ಕಿಡಲು ಒಳಗೆ ಹೋದದ್ದೇ, ಹಿತ್ತಲಲ್ಲಿ ನಾಗರತ್ನಾ ಮೆಲ್ಲಗೆ ವಿಷಯ ತೆಗೆದಳು. ಹುಡುಗಿಯ ಮುಖ ಬಿಳಿಚಿಕೊಂಡಿತು.

"ನನಗ ಏನೂ ಇಲ್ರಿ. ಲಸಿಕಿ ಆಗೈತಿ. ರಕ್ತ ತಪಾಸಣಿ ಮಾಡಿಸಬಾರದು ಅಂದಾರ ಡಾಕ್ಟರು."

"ಅಂವ ಡಾಕ್ಟರ್ ಅಲ್ಲ ತಂಗಿ. ಇವತ್ತ ಹುಬ್ಬಳ್ಳಿಗೆ ಬಂದ್ರ ಕೂಸಿನ್ನ ಉಳಿಸಬಹುದು."

"ನೀವೂ ಅವರಂಗ ಮೆತ್ತಗ ಮಾತಾಡ್ತೀರಿ," ಎಂದಳು ಭಾಗ್ಯಾ. "ಯಾರದಂತ ನಂಬಲಿ?"

ನಾಗರತ್ನಾ ರಜಿಯಾಬಿಯ ಕಡೆ ನೋಡಿದಳು. ರಜಿಯಾಬಿಯ ಬಳಿ ಪೊಲೀಸ್ ಗುರುತಿನ ಚೀಟಿ ಇತ್ತು, ಅದನ್ನು ತೆಗೆದರೆ ಹುಡುಗಿ ಕೂಗಿಕೊಳ್ಳುತ್ತಿದ್ದಳು. ಒಳಗೆ ಕಪ್ಪು ಬಸಿಗಳ ಸದ್ದು ಕೇಳುತ್ತಿತ್ತು. ಇನ್ನೇನು ಅವ್ವ ಬಂದುಬಿಡುತ್ತಾಳೆ.

ಮೈಲಾರವ್ವ ಸೊಂಟದ ಸಂಚಿ ಬಿಚ್ಚಿದಳು. ಹತ್ತಿಯ ನಡುವಿಂದ ಒಂದು ಗುಳಿಗೆ ತೆಗೆದು ಹುಡುಗಿಗೆ ತೋರಿಸಿದಳು. ಠಾಣೆಯಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಓದಬೇಡಿ ಎಂದ ಹೆಂಗಸು, ಆವರೆಗೆ ಕಂಡೇ ಇರದ ಹುಡುಗಿಯ ಮುಂದೆ ಎಲ್ಲ ಹೇಳಿದಳು.

"ನಾ ಮೈಲಾರವ್ವ. ನನಗೂ ಐತಿ, ಹತ್ತು ವರ್ಷ ಆತು. ನೀ ಸೂಜಿ ಮಾಡಿಸ್ಕೊಂಡ ದಿನ ನಿನ್ನ ಬಾಜೂಕ ಒಬ್ಬಾಂವ ಕುಂತಿದ್ದ, ಎತ್ತರ, ಬಿಳೇ ಮೀಸಿ. ನೆನಪೈತಿ?"

"ನನಗ ತಮ್ಮ ಪಾಲಿನ ಬಾಳಿಹಣ್ಣು ಕೊಟ್ರು."

"ಅಂವ ನನ್ನ ಗಂಡ. ಗುಳಿಗಿ ಬಿಟ್ಟು ಸತ್ತ. ನಾ ಬಿಡಲಿಲ್ಲ, ನಿನ್ನ ಮುಂದ ನಿಂತೀನಿ."

ಆ ಗುಳಿಗೆಯನ್ನು ಮೈಲಾರವ್ವ ನೀರಿಲ್ಲದೆಯೇ ನುಂಗಿದಳು. ಭಾಗ್ಯಾ ಆಕೆಯ ಗಂಟಲನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ಅತ್ತಳು. ಚಹಾ ತಂದ ಅವ್ವನಿಗೆ, ತಪಾಸಣೆಗೆ ಹುಬ್ಬಳ್ಳಿಗೆ ಹೋಗಿ ಬರುತ್ತೇನೆ ಎಂದು ತಾನೇ ಹೇಳಿದಳು. ಸಂಜೆ ಐದಕ್ಕೆ ಆಸ್ಪತ್ರೆಯಲ್ಲಿ ಗುಳಿಗೆ ಮತ್ತೆ ಶುರುವಾಯಿತು. ಕೂಸಿಗೆ ಏನಾಗುತ್ತದೆಂದು ಹುಟ್ಟಿ ಕೆಲವು ವಾರವಾಗುವ ತನಕ ಯಾರೂ ಹೇಳಲಾರರು ಎಂದರು ವೈದ್ಯರು.

ಆ ಹೊತ್ತಿಗೆ ಮಡಿವಾಳೆಪ್ಪನ ಬಂಧನದ ಕಾಗದಗಳೆಲ್ಲ ಆಗಿದ್ದವು. ಸಂಗನಬಸವ ಹೇಳಿಕೆ ಬರೆದುಕೊಳ್ಳಲು ಕುಳಿತ. ಮಡಿವಾಳೆಪ್ಪ ಯಾರ ಕೈಯಿಂದಲೂ ದುಡ್ಡು ಮುಟ್ಟಿರಲಿಲ್ಲ. ಉಪ್ಪಿಟ್ಟಿನ ಖರ್ಚೂ ಅವನದೇ. ಕೆಲವು ವರ್ಷದ ಹಿಂದೆ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಎಚ್‌ಐವಿಗೆ ಸೂಜಿಮದ್ದಿನ ನಿಜವಾದ ಪ್ರಯೋಗ ನಡೆದಾಗ ಅವನು ಅದರಲ್ಲಿ ಸೇರಿದ್ದ.

"ಮನ್ಯಾಗ ನಮ್ಮವ್ವ ನನ್ನ ತಾಟು ಬ್ಯಾರೆ ಇಟ್ಟಿದ್ಲ್ರಿ. ಅಲ್ಲಿ ನರ್ಸಬಾಯಿ ಕೈ ಹಿಡಿದು ಸೂಜಿ ಮಾಡ್ತಿದ್ಲು. ಕುರ್ಚಿ ಕೊಡ್ತಿದ್ರು. ವಾರಕ್ಕೊಮ್ಮೆ ಫೋನ್ ಮಾಡಿ ಹೆಂಗದೀರಿ ಅಂತ ಕೇಳ್ತಿದ್ರು. ಪ್ರಯೋಗ ಮುಗೀತು, ಧನ್ಯವಾದ ಅಂದ್ರು. ಮುಂದ ಫೋನ್ ಬರಲಿಲ್ಲ."

"ಅದಕ್ಕ ನೀನ ಒಂದು ಪ್ರಯೋಗ ಹೂಡಿದಿ."

"ನಾಕ ಮಂದಿ ಕೂಡಿ ಕುಂತು ಚಹಾ ಕುಡದ್ರ ಸಾಕಾಗಿತ್ರಿ ನನಗ."

"ಚಹಾ ಕುಡಸ್ಬೇಕಾಗಿತ್ತು. ಗುಳಿಗಿ ಯಾಕ ಬಿಡಿಸಿದಿ?"

ಮಡಿವಾಳೆಪ್ಪ ತನ್ನ ಅಂಗೈ ನೋಡಿಕೊಂಡ.

"ಗುಳಿಗಿ ನುಂಗಿದವರು ಅರಾಮ ಇರ್ತಾರ್ರಿ," ಎಂದ. "ಅರಾಮ ಇದ್ದವರು ನನ್ನ ಕಡೆ ಯಾಕ ಬರ್ತಿದ್ರು?"

ಸಂಗನಬಸವ ಅದನ್ನು ಅವನು ಹೇಳಿದಂತೆಯೇ ಬರೆದುಕೊಂಡು, ಓದಿ ಹೇಳಿ, ಸಹಿ ಮಾಡಿಸಿಕೊಂಡ.