ಗಾಳಿ ಎದ್ದಾಗ ಮುಚ್ಚುತ್ತಿದ್ದ ಪೋರ್ಟ್

ಮಾರ್ಚ್ ಹನ್ನೊಂದರ ಬೆಳಿಗ್ಗೆ ಸರೋವರದ ದಡದ ಕಿಸುಮು ಪಟ್ಟಣದ ಪೊಲೀಸ್ ಠಾಣೆಗೆ ಬಂದ ಬಡಗಿ ಒಡೆರಾ, ಕುರ್ಚಿ ತೋರಿಸಿದರೂ ಕೂರದೆ ನಿಂತೇ ದೂರು ಹೇಳಿದ. ಹಿಂದಿನ ಮಧ್ಯಾಹ್ನ ಅವನ ಹೆಂಡತಿಗೆ ಹೆರಿಗೆ ನೋವಿನ ಜೊತೆ ರಕ್ತಸ್ರಾವ ಶುರುವಾಗಿತ್ತು. ಖಾಸಗಿ ಆಂಬುಲೆನ್ಸ್ ಸಂಸ್ಥೆಯ ವೆಬ್‌ಸೈಟಿನಲ್ಲಿ ಗಾಡಿ ಕೇಳಿದರೆ ದೋಷದ ಸಂದೇಶವೇ ಮತ್ತೆ ಮತ್ತೆ ಬಂದಿತ್ತು.

"ಕೊನೆಗೆ ಬಾಡಿಗೆ ಬೋಡಾ ಬೈಕಲ್ಲಿ ಕೂರಿಸ್ಕೊಂಡು ಹೋದೆ. ಅವಳು ಉಳಿದ್ಲು. ಮಗು ಉಳೀಲಿಲ್ಲ."

"ಎಷ್ಟು ಸಲ ಕೇಳಿದ್ರಿ?" ಇನ್ಸ್‌ಪೆಕ್ಟರ್ ನೆಕೆಸಾ ಬರಾಸಾ ವಿಚಾರಿಸಿದಳು.

"ಗಾಳಿಗೆ ಪಕ್ಕದ ಮನೆ ತಗಡು ಹಾರ್ತಿತ್ತು, ಇವಳು ಕಿರುಚ್ತಿದ್ಲು. ಲೆಕ್ಕ ಯಾರು ಇಡ್ತಾರೆ ಮೇಡಂ?"

ಎಫ್‌ಐಆರ್ ದಾಖಲಾಯಿತು.

ಸಂಸ್ಥೆಯ ಮ್ಯಾನೇಜರಿಗೆ ವಿಷಯ ಹೊಸದಾಗಿರಲಿಲ್ಲ. "ಆಗೊಮ್ಮೆ ಈಗೊಮ್ಮೆ ಬರ್ತದೆ, ತಾನೇ ಹೋಗ್ತದೆ. ನಮ್ಮ ರಾಮೋಗಿ ನೋಡ್ತಿದ್ದಾನೆ," ಎಂದ. ಕಂಪ್ಯೂಟರುಗಳ ಹೊಣೆ ಹೊತ್ತಿದ್ದ ರಾಮೋಗಿ ತಲೆ ಎತ್ತದೆ, "ಜನ ಜಾಸ್ತಿ ಆದಾಗ ಹಾಗಾಗ್ತದೆ," ಎಂದಷ್ಟೇ ಹೇಳಿದ.

ನೈರೋಬಿಯಿಂದ ಸೈಬರ್ ವಿಭಾಗದ ಮುಂಬುವಾ ಬಂದಳು. ವೆಬ್‌ಸೈಟಿಗೆ ಬರುವ ಹೊರಗಿನ ಕೋರಿಕೆ ಮೊದಲು ಪ್ರಾಕ್ಸಿ ಎಂಬ ಕಾವಲುಗಾರನ ಬಳಿ ಬರುತ್ತದೆ. ಅವನು ಅದನ್ನು ತನ್ನ ಹಿಂದಿರುವ ಒಂದು ನಂಬರಿನ ಬಾಗಿಲಿಗೆ, ಅಂದರೆ ಪೋರ್ಟಿಗೆ, ದಾಟಿಸುತ್ತಾನೆ. ಅಲ್ಲಿ ಸರ್ವರ್ ಕಾದಿರಬೇಕು ಎಂದು ವಿವರಿಸಿದಳು.

"ಹಳೆ ದಾಖಲೆ ನೋಡಿದ್ರೆ ಪ್ರಾಕ್ಸಿ ಸರಿಯಾಗಿದೆ. ಬಾಗಿಲು ತಟ್ಟಿದಾಗ ಸರ್ವರ್ ಅಲ್ಲಿರೋದಿಲ್ಲ. ನಾವು ನೋಡೋಷ್ಟರಲ್ಲಿ ವಾಪಸ್ ಬಂದಿರ್ತದೆ."

ಅವಳು ದಿನವಿಡೀ ಪರೀಕ್ಷಿಸಿದಳು. ದೋಷ ಬರಲೇ ಇಲ್ಲ.

ಅಷ್ಟರಲ್ಲಿ ಕಾನ್‌ಸ್ಟೇಬಲ್ ಒಗಾಡಾ ಹಿಂದೆ ಇದೇ ತೊಂದರೆ ಕಂಡವರ ಮನೆಗಳನ್ನು ಸುತ್ತಿ ಬಂದ. "ಒಬ್ಬರ ಬಟ್ಟೆ ಹಾರಿತ್ತಂತೆ, ಇನ್ನೊಬ್ಬರ ಬೇಲಿ ಬಿದ್ದಿತ್ತಂತೆ. ಎಲ್ಲರೂ ಗಾಳಿ ಬಗ್ಗೆನೇ ಮಾತಾಡ್ತಾರೆ ಮೇಡಂ."

"ಕಂಪ್ಯೂಟರಿಗೂ ಗಾಳಿ ಸೋಕ್ತದೇನಪ್ಪಾ ನಿಮ್ಮೂರಲ್ಲಿ?" ಮುಂಬುವಾ ನಕ್ಕಳು. ಆದರೂ ಕೇಬಲ್, ಕರೆಂಟು ಎಲ್ಲ ನೋಡಿದಳು. ಯಾವುದೂ ಕೆಟ್ಟಿರಲಿಲ್ಲ.

ಮುಂದಿನ ಸಲ ಸರೋವರದ ಮೇಲೆ ಗಾಳಿ ಎದ್ದಾಗ ಮೂವರೂ ಸಂಸ್ಥೆಯ ಕಚೇರಿಯಲ್ಲೇ ಕೂತಿದ್ದರು. ವೆಬ್‌ಸೈಟ್ ನಿಂತಿತು. ಆ ಪೋರ್ಟಿನಲ್ಲಿ ಈಗ ಯಾರಿದ್ದಾರೆ ಎಂದು ಮುಂಬುವಾ ಯಂತ್ರವನ್ನೇ ಕೇಳಿದಳು. ಸರ್ವರ್ ಇರಲಿಲ್ಲ. ಅದರ ಜಾಗದಲ್ಲಿ ಬೇರೊಂದು ಪ್ರೋಗ್ರಾಂ ಕೂತಿತ್ತು. ಅದರ ಹೆಸರು ಯಾಮೊ.

"ಹಾಗಂದ್ರೆ?" ಎಂದಳು ನೆಕೆಸಾ.

"ನಮ್ಮ ಲುವೋ ಮಾತಲ್ಲಿ ಗಾಳಿ," ಎಂದ ಒಗಾಡಾ.

ಮೂಲೆಯ ಮೇಜಿನಿಂದ ರಾಮೋಗಿ ಎದ್ದು ನಿಂತ. "ಅದು ನಂದು."

ಅದೇ ಕೋಣೆಯಲ್ಲಿ ನೆಕೆಸಾ ಅವನ ವಿಚಾರಣೆ ನಡೆಸಿದಳು.

"ಏನು ಮಾಡ್ತದೆ ಅದು?"

"ಬಿರುಗಾಳಿ ಬರ್ತಿದೆ ಅಂತ ದೋಣಿಗಳ ಫೋನಿಗೆ ತಿಳಿಸ್ತದೆ. ನಮ್ಮಣ್ಣ ಒಜ್ವಾಂಗ್ ಹೋದ ವರ್ಷ ಮೀನಿಗೆ ಹೋದವನು ವಾಪಸ್ ಬರಲಿಲ್ಲ. ಗಾಳಿ ಬರೋದು ಅವನಿಗೆ ಯಾರೂ ಹೇಳಿರ್ಲಿಲ್ಲ."

"ಬೇರೆ ಪೋರ್ಟ್ ಇರ್ಲಿಲ್ವಾ?"

"ಹೊರಗಿನ ಫೋನುಗಳು ಬಂದು ಕೇಳೋಕೆ ತೆರೆದಿರೋದು ಇದೊಂದೇ. ಇನ್ನೊಂದು ಕೊಡಿ ಅಂತ ಕೇಳಿದ್ದೆ, ಮ್ಯಾನೇಜರ್ ಕೊಡ್ಲಿಲ್ಲ. ಗಾಳಿ ಎದ್ದಾಗ ಸ್ವಲ್ಪ ಹೊತ್ತು ಸರ್ವರ್ ನಿಲ್ಲಿಸಿ ಇದನ್ನ ಕೂರಿಸೋ ಹಾಗೆ ಮಾಡಿದ್ದೆ."

"ಆ ಹೊತ್ತಲ್ಲೇ ಯಾರಾದ್ರೂ ಆಂಬುಲೆನ್ಸ್ ಕೇಳಿದ್ರೆ?"

"ಇನ್ನೊಂದು ಸಲ ಕೇಳ್ತಾರೆ ಅಂದ್ಕೊಂಡೆ."

"ಮಗು ಸತ್ತ ವಿಷಯ ಗೊತ್ತಾದ್ಮೇಲೂ ಯಾಕೆ ನಿಲ್ಲಿಸ್ಲಿಲ್ಲ?"

"ನಿಲ್ಲಿಸೋಕೆ ಅಂತಲೇ ಬೆಳಿಗ್ಗೆ ಕೂತಿದ್ದೆ ಮೇಡಂ. ಕಿಟಕಿಯಿಂದ ದೋಣಿಗಳು ಹೊರಡೋದು ಕಾಣಿಸ್ತು."

ಮಹಜರು ಮಾಡಿ ಯಂತ್ರವನ್ನು ವಶಕ್ಕೆ ಪಡೆದರು. ರಾಮೋಗಿಯನ್ನು ಬಂಧಿಸಿದರು. ಜೀಪು ಹತ್ತುವ ಮುಂಚೆ ನೆಕೆಸಾ ದಡದ ಮೀನುಗಾರರ ಮುಖಂಡನಿಗೆ ಫೋನು ಮಾಡಿ, ಇನ್ನು ಮುಂದೆ ಫೋನಿನಲ್ಲಿ ಎಚ್ಚರಿಕೆ ಬರುವುದಿಲ್ಲ, ಆಕಾಶ ನೋಡಿಕೊಂಡೇ ದೋಣಿ ಬಿಡಿ ಎಂದಳು.

ಮರುದಿನ ಹೇಳಿಕೆಗೆ ಸಹಿ ಹಾಕಲು ಒಡೆರಾ ಬಂದ. ನಡೆದದ್ದನ್ನು ನೆಕೆಸಾ ಮುಚ್ಚುಮರೆಯಿಲ್ಲದೆ ತಿಳಿಸಿದಳು. ಅವನು ಪೆನ್ನು ಕೆಳಗಿಟ್ಟ.

"ಅವನಣ್ಣನ ಹೆಸರೇನಂದ್ರಿ?"

"ಒಜ್ವಾಂಗ್."

ಒಡೆರಾ ಆ ಹೆಸರನ್ನು ತನ್ನಲ್ಲೇ ಒಮ್ಮೆ ಹೇಳಿಕೊಂಡ. "ನಮ್ಮ ಮಗೂಗೆ ಇನ್ನೂ ಹೆಸರು ಇಟ್ಟಿರ್ಲಿಲ್ಲ," ಎಂದು ಸಹಿ ಮಾಡಿ ಹೊರಟುಹೋದ.