ಕೊನೆಯ ಮೆಟ್ಟಿಲಿನ ಕುಂಕುಮ

ಒಂದೂರಿನಲ್ಲಿ ಒಬ್ಬ ರಾಣಿಯಿದ್ದಳಂತೆ. ನೆಲ ತಾಗಿದರೆ ಪಾದ ನೊಂದೀತೆಂದು ಮಗ ಅವಳನ್ನು ಪಲ್ಲಕ್ಕಿಯಿಂದ ಇಳಿಸುತ್ತಲೇ ಇರಲಿಲ್ಲವಂತೆ. ಆ ರಾಣಿಯ ಗತಿ ಏನಾಯಿತೋ! ಸರಸ್ವತಿಪುರಂನ ಬೆಟ್ಟಮ್ಮನದು ಮಾತ್ರ ಹೀಗಾಯಿತು...

ಯುಗಾದಿಯ ಮರುದಿನ ಬೆಟ್ಟಮ್ಮನ ಬಾಯಿ ಸೊಟ್ಟಗಾಗಿ, ಬಲಗೈ ಜೋತುಬಿದ್ದು, ವಾರದೊಳಗೆ ಸರಿಹೋಯಿತು. ಡಾಕ್ಟರ್ ರಾಮಸ್ವಾಮಿ ಒತ್ತಿ ಹೇಳಿದರು: "ತಲೆಯೊಳಗಿನ ರಕ್ತನಾಳಗಳು ಪೆಡಸಾಗಿವೆ ಕಣಮ್ಮ. ಮಲಗಿಬಿಡಬೇಡಿ. ದಿನಾ ನಡೀರಿ, ರಕ್ತ ಓಡಾಡಲಿ."

ಬೆಟ್ಟಮ್ಮ ಹಿಗ್ಗಿದಳು. ಮಗ ಮಹದೇವು ಮೂರು ವರ್ಷದವನಿದ್ದಾಗ ಜ್ವರದಲ್ಲಿ ಕಣ್ಣುಮುಚ್ಚಿ ಮಲಗಿದ್ದ. ಅವನು ಉಳಿದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಮೆಟ್ಟಿಲಿಗೂ ಕುಂಕುಮ ಹಚ್ಚುವೆನೆಂದು ಹರಕೆ ಹೊತ್ತಿದ್ದಳು. ಕಂಡವರ ಮನೆಯ ರಾಗಿ ಬೀಸಿ ಅವನನ್ನು ಓದಿಸಿ ಗುಮಾಸ್ತನನ್ನಾಗಿ ಮಾಡುವಷ್ಟರಲ್ಲಿ ಮೂವತ್ತು ವರ್ಷ ಕಳೆದಿತ್ತು; ಹರಕೆ ಹಾಗೇ ಉಳಿದಿತ್ತು.

"ಕಾಲು ಗಟ್ಟಿ ಮಾಡ್ಕೊಂಡು ದಸರಾ ಹೊತ್ಗೆ ಹತ್ಬುಡ್ತೀನಿ ಕಣಮ್ಮ," ಎಂದಳು ಸೊಸೆ ಚಂದ್ರಮತಿಗೆ.

"ಹತ್ತಿ ಅತ್ತೆ. ಕುಂಕುಮದ ಬಟ್ಟಲು ನಾನು ಹಿಡ್ಕೋತೀನಿ."

ಅತ್ತೆ ಸೊಸೆ ದಿನವೂ ಹಿತ್ತಲನ್ನು ಸುತ್ತಿದರು. ಹತ್ತು ಸುತ್ತು ನಲವತ್ತಾಯಿತು. ಒಂದು ಸಂಜೆ ಬೇಗ ಮನೆಗೆ ಬಂದ ಮಹದೇವು ನೋಡಿ ಸಿಡಿದೆದ್ದ.

"ಏನಿದು ಚಂದ್ರಾ! ಕಾಯಿಲೆಯವಳನ್ನ ಗಾಣದೆತ್ತಿನ ಥರ ಸುತ್ತಿಸ್ತೀಯಾ? ನನ್ನವ್ವ ಸವೆದಿದ್ದು ಸಾಲದಾ?"

"ಡಾಕ್ಟ್ರೇ ಹೇಳಿದ್ದಲ್ವೇನ್ರೀ..."

"ಅವರಿಗೇನು, ಅವರವ್ವನಾ? ನನ್ನವ್ವ ರಾಣಿ ಹಂಗೆ ಮಂಚದ ಮೇಲಿರ್ಬೇಕು. ಅವ್ವಾ, ಇನ್ಮೇಲೆ ನೆಲಕ್ಕೆ ಕಾಲಿಟ್ರೆ ನನ್ನಾಣೆ!"

ಆಣೆ! ಯಾವ ಜೀವಕ್ಕಾಗಿ ಹರಕೆ ಹೊತ್ತಿದ್ದಳೋ ಆ ಜೀವದ ಮೇಲೆಯೇ ಆಣೆ! ಬೆಟ್ಟಮ್ಮ ಮಂಚ ಹತ್ತಿದಳು. ಆಣೆ ಹಿಂದಕ್ಕೆ ತಗೊಳ್ಳಿರೆಂದು ಚಂದ್ರಮತಿ ಕಾಲು ಹಿಡಿದರೂ ಮಹದೇವು ಕೇಳಲಿಲ್ಲ. ಪ್ರತಿ ಸಂಜೆ ತಾನೇ ಅವ್ವನ ಕಾಲೊತ್ತಿ ಧನ್ಯನಾಗುತ್ತಿದ್ದ... ಪಾಪ, ಅದೂ ಪ್ರೀತಿಯೇ!

ಶ್ರಾವಣದ ಒಂದು ಬೆಳಿಗ್ಗೆ ಬೆಟ್ಟಮ್ಮನ ಮಾತು ನಿಂತಿತು. ಬಲಭಾಗವೆಲ್ಲ ಮರಗಟ್ಟಿತು.

"ನಡೆದಿದ್ದರೆ ತಪ್ತಿತ್ತಾ ಡಾಕ್ಟ್ರೇ?" ಮಹದೇವು ಗೋಗರೆದ.

"ತಪ್ಪುತ್ತಿತ್ತು ಅಂತ ಆಣೆಯಿಟ್ಟು ಹೇಳಲಾರೆನಪ್ಪ. ಆದರೆ ಇದ್ದ ಒಂದು ದಾರಿ ಅದೇ ಆಗಿತ್ತು..."

ದಸರೆಯ ಮುಂಜಾನೆ ಮಹದೇವು ಅವ್ವನನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟದ ಬುಡದಲ್ಲಿ ನಿಂತ. ಮೆಟ್ಟಿಲು ಮೆಟ್ಟಿಲಿಗೂ ಬಾಗಿದ. ಚಂದ್ರಮತಿ ಅತ್ತೆಯ ಸತ್ತ ಬಲಗೈಯನ್ನು ಹಿಡಿದು, ಬೆರಳನ್ನು ಬಟ್ಟಲಿಗದ್ದಿ ಕಲ್ಲಿಗೆ ಹಚ್ಚಿಸಿದಳು. ಕೂತು, ಎದ್ದು, ಏದುಸಿರು ಬಿಡುತ್ತ ಸಾವಿರ ಮೆಟ್ಟಿಲು... ಹೊತ್ತು ಇಳಿಯಿತು.

ಕೊನೆಯ ಮೆಟ್ಟಿಲಿನ ಕೆಳಗೆ ಮಹದೇವು ಅವ್ವನನ್ನು ಇಳಿಸಿ, ಎದೆಗಾನಿಸಿಕೊಂಡು, ಅವಳ ಪಾದಗಳನ್ನು ಎತ್ತಿ ಕಲ್ಲಿನ ಮೇಲಿಟ್ಟ.

"ಆಣೆ ತೆಗೆದ್ಬುಟ್ಟೆ ಕಣವ್ವಾ... ಕಾಲಿಡು! ನೆಲಕ್ಕೆ ಕಾಲಿಡವ್ವಾ!"

ಬೆಟ್ಟಮ್ಮನ ಕಣ್ಣಿನಿಂದ ಒಂದು ಹನಿ ಜಾರಿತು. ಬಲಪಾದಕ್ಕೆ ಕಲ್ಲು ತಾಗಿದ್ದೇ ತಿಳಿಯಲಿಲ್ಲ. ಚಂದ್ರಮತಿ ಆ ಬೆರಳನ್ನು ಕೊನೆಯ ಬಾರಿ ಬಟ್ಟಲಿಗದ್ದಿದಳು. ಕೊನೆಯ ಮೆಟ್ಟಿಲು ಕೆಂಪಾಯಿತು.